ಸಾಣೆ ಹಿಡಿಯದ ವಜ್ರ ಮತ್ತು ನನ್ನ ನೋಮ್

ದಾಳ ಎಸೆಯುತ್ತಾ ಕಥೆಯ ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ನಿಯಮಗಳಲ್ಲಿ ಹರಳು ಕೆಲಸದ ಸಲಕರಣೆಗಳ ಬೆಲೆ 25 ಹೊನ್ನು, ತೂಕ 2 ಪೌಂಡ್. ನೋಮ್ ಎಂಬ ಕುಳ್ಳ ಜನಾಂಗದ ನನ್ನ ಪಾತ್ರವು ಆ ಸಲಕರಣೆಗಳ ಪೆಟ್ಟಿಗೆಯನ್ನು ಐದನೇ ಹಂತದವರೆಗೂ (ಲೆವೆಲ್) ಹೊತ್ತು ತಿರುಗಿತು. ಸಿಕ್ಕ ನಿಧಿಗೆ ಬೆಲೆ ಕಟ್ಟುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಅದನ್ನು ತೆರೆದಿರಲಿಲ್ಲ. ರತ್ನಗಳಿಗೆ ಸಾಣೆ ಹಿಡಿಯುವವನೆಂದೇ ಆ ಪಾತ್ರವನ್ನು ಕಟ್ಟಿದ್ದ ನನಗೆ ಇದು ಬೇಸರ ತರುತ್ತಿತ್ತು.

ಒಂದು ಗುಹೆಯಲ್ಲಿ ನಮಗೆ ಸಾಣೆ ಹಿಡಿಯದ ವಜ್ರವೊಂದು ಸಿಕ್ಕಿತು. ಇದ್ದ ಹಾಗೆಯೇ ಅದರ ಬೆಲೆ 200 ಹೊನ್ನು ಎಂದು ಆಟ ನಡೆಸುವ ಡಂಜನ್ ಮಾಸ್ಟರ್ ಹೇಳಿದರು. ನಮ್ಮ ತಂಡದ ಪುರೋಹಿತ ಪಾತ್ರವಾದ ಕ್ಲೆರಿಕ್‌ ಆಗಷ್ಟೇ ಕಲಿತಿದ್ದ ರಿವಿವಿಫೈ ಮಂತ್ರಕ್ಕೆ, ಅಂದರೆ ಸತ್ತು ಒಂದು ನಿಮಿಷ ಕಳೆಯದವರನ್ನು ಬದುಕಿಸುವ ಮಂತ್ರಕ್ಕೆ, 300 ಹೊನ್ನಿನ ವಜ್ರ ಬೇಕು. ವಸ್ತುಗಳನ್ನು ತಯಾರಿಸುವ ಬಗ್ಗೆ ನಿಯಮ ಪುಸ್ತಕದಲ್ಲಿರುವುದನ್ನು ಹಿಡಿದರೆ ದಿನಕ್ಕೆ 5 ಹೊನ್ನಿನಷ್ಟು ಕೆಲಸ ಮಾತ್ರ ಸಾಗುತ್ತದೆ, ಆದ್ದರಿಂದ 300 ಹೊನ್ನಿನ ವಸ್ತುವಿಗೆ 60 ದಿನ. ಅಷ್ಟು ಬಿಡುವು ನಮ್ಮ ಕಥೆಯಲ್ಲಿರಲಿಲ್ಲ. ಹರಳಿನ ರೂಪ ಬದಲಿಸಲು ದಾಳದ ಮೊತ್ತ ಕನಿಷ್ಠ 15 ಆಗಬೇಕೆಂಬ 2017ರ ಪೂರಕ ನಿಯಮವನ್ನು ಆಧಾರವಾಗಿಟ್ಟುಕೊಂಡು, ವಜ್ರದ ಬೆಲೆ ಏರಿಸಲು ನಾವೇ ಒಂದು ದಾರಿ ಮಾಡಿಕೊಂಡೆವು.

ಬರಿಯ ಒಂದು ದಾಳದಲ್ಲಿ ಇದು ಮುಗಿಯುವುದು ನನಗೆ ಇಷ್ಟವಿರಲಿಲ್ಲ. ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಹರಳಿಗೆ ಸಾಣೆ ಹಿಡಿಯುವ ಹಿರಿಯರೊಬ್ಬರ ಬಳಿ ಒಂದು ಮಧ್ಯಾಹ್ನ ಕುಳಿತಿದ್ದೆ. ಅವರು ಕಲ್ಲನ್ನು ಕಡ್ಡಿಯ ತುದಿಗೆ ಅರಗಿನಿಂದ ಕೂರಿಸುವ ಮೊದಲು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸುತ್ತಿದ್ದರು. "ಬಿರುಕು ಎಲ್ಲಿಗೆ ಹೋಗ್ತದೆ ಅಂತ ಗೊತ್ತಾಗೋವರೆಗೂ ಸಾಣೆಗೆ ಕೊಡಬಾರದಪ್ಪ" ಎಂದಿದ್ದರು. ವಜ್ರದ ವಿಷಯದಲ್ಲಿ ಈ ಮಾತು ಇನ್ನೂ ಮುಖ್ಯ, ಏಕೆಂದರೆ ಅದನ್ನು ಗೀರಬಲ್ಲದ್ದು ಇನ್ನೊಂದು ವಜ್ರವೇ ಆದರೂ, ಅದರ ಹರಳು ರಚನೆಯ ನಾಲ್ಕು ದಿಕ್ಕುಗಳಲ್ಲಿ ಸರಿಯಾದ ಒಂದೇ ಏಟಿಗೆ ಅದು ನುಣ್ಣಗೆ ಸೀಳುತ್ತದೆ.

ಮುಂದಿನ ಆಟಕ್ಕೆ ನಮ್ಮ ವಜ್ರವೆಂದು ತೋರಿಸಲು ನಾನು ಕಲ್ಲುಸಕ್ಕರೆಯ ದಪ್ಪ ತುಂಡೊಂದನ್ನು ತಂದೆ. ಅದರೊಳಗೆ ಬೆಳ್ಳನೆಯ ಬಿರುಕೊಂದು ಓರೆಯಾಗಿ ಇಳಿದಿತ್ತು. ಎಲ್ಲರೂ ಅದನ್ನು ಮೊಬೈಲ್ ಬೆಳಕಿಗೆ ಹಿಡಿದು ನೋಡಿದರು, ಮತ್ತು ಮೊದಲ ಬಾರಿಗೆ ಇಡೀ ತಂಡ ಹರಳಿನ ಬಗ್ಗೆ ಮಾತನಾಡಿತು. ಬಿರುಕನ್ನು ಒಳಗೇ ಬಿಟ್ಟು ತೂಕ ಉಳಿಸಿದರೆ ಒಂದೇ ದೊಡ್ಡ ವಜ್ರ ಉಳಿಯುತ್ತದೆ, ಆದರೆ ಬೆಲೆ ಅಷ್ಟಾಗಿ ಏರದು. ಬಿರುಕಿನ ಗುಂಟ ಸೀಳಿದರೆ ಶುದ್ಧವಾದ ಎರಡು ಚಿಕ್ಕ ಕಲ್ಲುಗಳು ಸಿಗುತ್ತವೆ.

ಆಗ ಕ್ಲೆರಿಕ್ ಆಡುತ್ತಿದ್ದ ಗೆಳತಿ ಮಂತ್ರಗಳ ಪಠ್ಯವನ್ನು ಓದಿ ಹೇಳಿದಳು: ರಿವಿವಿಫೈಗೆ 300 ಹೊನ್ನಿನ "ವಜ್ರಗಳು" ಎಂದಿದೆ, ಸತ್ತವರನ್ನು ಬದುಕಿಸುವ ಇನ್ನೂ ದೊಡ್ಡ ಮಂತ್ರವಾದ, ಒಂಬತ್ತನೇ ಹಂತದಲ್ಲಿ ಸಿಗುವ ರೇಯ್ಸ್ ಡೆಡ್‌ಗೆ ಮಾತ್ರ ಕನಿಷ್ಠ 500 ಹೊನ್ನಿನ "ಒಂದು ವಜ್ರ" ಬೇಕು. ಸೀಳಿದರೆ ಇಂದಿನ ಮಂತ್ರಕ್ಕೆ ಸಾಕು, ಆದರೆ ಮುಂದೊಂದು ದಿನ ದೊಡ್ಡ ಮಂತ್ರಕ್ಕೆ ಆಗಬಹುದಾಗಿದ್ದ ಕಲ್ಲು ಹೋಗುತ್ತದೆ. ಅರ್ಧ ಗಂಟೆ ಚರ್ಚೆಯಾಯಿತು. ಕಸುಬಿನ ನಿಜವಾದ ಸತ್ವ ಆ ಅರ್ಧ ಗಂಟೆಯಲ್ಲೇ ಇತ್ತೆಂದು ನಾನು ನಂಬುತ್ತೇನೆ. ದಾಳ ಅದರ ನಂತರವೇ ಬರಬೇಕು.

ಸೀಳುವುದೆಂದು ತೀರ್ಮಾನವಾಯಿತು. ಸೋತರೆ ಒಂದು ಭಾಗ ಪುಡಿಯಾಗುತ್ತದೆಂದು ಮೊದಲೇ ಒಪ್ಪಿಕೊಂಡೆವು. ನನ್ನ ಪಾತ್ರದ ಕೌಶಲ್ಯಕ್ಕಾಗಿ ದಾಳದ ಅಂಕಿಗೆ ಒಟ್ಟು 6 ಸೇರುತ್ತಿದ್ದುದರಿಂದ, 15 ಮುಟ್ಟಲು ಇಪ್ಪತ್ತು ಮುಖದ ದಾಳದಲ್ಲಿ 9 ಅಥವಾ ಹೆಚ್ಚು ಬೀಳಬೇಕಿತ್ತು, ಅಂದರೆ ನೂರಕ್ಕೆ 60ರಷ್ಟು ಅವಕಾಶ. 11 ಬಿತ್ತು. 160 ಮತ್ತು 140 ಹೊನ್ನಿನ ಎರಡು ವಜ್ರಗಳು ಬಂದವು.

ಮೂರು ವಾರದ ನಂತರ ನಮ್ಮ ಫೈಟರ್ ಸೇತುವೆಯೊಂದರ ಮೇಲೆ ಸತ್ತ. ಕ್ಲೆರಿಕ್ ಕೈ ಚಾಚಿದಳು, ನಾನು ಎರಡೂ ಕಲ್ಲುಗಳನ್ನು ಕೊಟ್ಟೆ, ಮತ್ತು ಅವನು ಕಣ್ಣು ತೆರೆದ ಮೇಲೆ ನನ್ನ ಪಾತ್ರದ ಹಾಳೆಯಲ್ಲಿದ್ದ ಆ ಎರಡು ಸಾಲುಗಳನ್ನು ಪೆನ್ಸಿಲಿನ ಗುರುತೂ ಉಳಿಯದಂತೆ ಅಳಿಸಿದೆ.