ಎಪಾಕ್ಸಿ ಡೇರೆಗೆ ಥರ್ಮೋಸ್ಟಾಟ್: ಕೊನೆಗೂ 26 ಡಿಗ್ರಿ ನಿಂತಿತು

"ಕೊಪ್ಪಳದಾಗ ಹೀಟರ್ ಹಾಕ್ತೀಯೇನೋ ತಮ್ಮಾ? ಬಿಸಿಲಿಗಿಡು ಸಾಕು" ಅಂತ ನಕ್ಕಿದ್ದ ಬಡಿಗ ಅಣ್ಣಂದಿರೇ ಈಗ ವೈರಿಂಗ್ ಫೋಟೊ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬಳ್ಳಾರಿ ಜಾಲಿಯ ಬೊಡ್ಡೆ ಸೀಳಿ, ನಡುವೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಾಜಿನಂತೆ ಗಟ್ಟಿಯಾಗುವ ರೆಸಿನ್) ಸುರಿದು ಟೀಪಾಯಿ ಮಾಡುವ ಕೆಲಸ. ಡಿಸೆಂಬರ್, ಜನವರಿ ಬೆಳಗಿನ ಜಾವ ತಗಡಿನ ಶೆಡ್ಡು 15ರ ಆಸುಪಾಸಿಗೆ ಇಳಿಯುತ್ತದೆ. ಹತ್ತು ಡಿಗ್ರಿ ಇಳಿದರೆ ರೆಸಿನ್ ಗಟ್ಟಿಯಾಗುವ ಹೊತ್ತು ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ, ಮೇಲೆ ಜಿಡ್ಡಿನ ಪೊರೆ ಬೇರೆ. ಒಂದು ಚಳಿಗಾಲದಲ್ಲಿ ಎಂಟು ಹತ್ತು ಸಾವಿರದ ರೆಸಿನ್ ಮಣ್ಣುಪಾಲಾಗಿದೆ. ಹಾಗಂತ ಕಾವು ಜಾಸ್ತಿ ಕೊಡುವಂತಿಲ್ಲ. ದಪ್ಪಗೆ ಸುರಿದರೆ ರೆಸಿನ್ ತಾನೇ ಕಾಯುತ್ತದೆ, ಅದಕ್ಕೆ ಹೊರಗಿನ ಬಿಸಿಯೂ ಸೇರಿದರೆ ಬಿರುಕು ಗ್ಯಾರಂಟಿ. ಟಾರ್ಪಾಲಿನ್ ಡೇರೆಯೊಳಗೆ 25ರಿಂದ 27, ಅಷ್ಟೇ ಬೇಕು.

ಅಷ್ಟು ಕಡಿಮೆ ಕಾವಿಗೆ ನೆಚ್ಚಿಕೊಳ್ಳುವಂಥ ಥರ್ಮೋಸ್ಟಾಟ್, ಅಂದರೆ ಕಾವು ನೋಡಿ ಹೀಟರ್ ಆನ್, ಆಫ್ ಮಾಡುವ ಸಾಧನ, ಸಿಗೋದೇ ಕಷ್ಟ. ರೂಮ್ ಹೀಟರಿನ ಗುಂಡಿ ತನ್ನ ಮೈಯ ಬಿಸಿ ನೋಡುತ್ತದೆ, ನಮ್ಮ ಹಲಗೆಯದ್ದಲ್ಲ. ನಾನು ತಂದ ಗೀಸರ್ ಥರ್ಮೋಸ್ಟಾಟ್ ಶುರುವಾಗೋದೇ 30ರಿಂದ. ಕೆಎಸ್‌ಡಿ ಬಿಲ್ಲೆ (ಬಿಸಿಯಾದರೆ ತಾನೇ ಆಫ್ ಆಗುವ ಪುಟ್ಟ ಸ್ವಿಚ್ಚು) ಆಫ್ ಆದಮೇಲೆ ಹತ್ತು ಹದಿನೈದು ಡಿಗ್ರಿ ಇಳಿಯದೆ ಮತ್ತೆ ಆನ್ ಆಗಲ್ಲ. ಡಬ್ಲ್ಯು1209 ಅನ್ನೋ ಡಿಜಿಟಲ್ ಥರ್ಮೋಸ್ಟಾಟ್ ಬೋರ್ಡು ಇನ್ನೂರು ರೂಪಾಯಿಯೊಳಗಿನ ಮಾಲು, ಅಳತೆ ಚೆನ್ನಾಗಿಯೇ ಇತ್ತು. ಆದರೆ 2000 ವ್ಯಾಟ್ ಹೀಟರ್ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ, ಬೋರ್ಡಿನ ಪುಟ್ಟ ರಿಲೇಗೆ (ಕರೆಂಟು ಕೊಟ್ಟು ತೆಗೆಯುವ ಸ್ವಿಚ್ಚು) ಅದು ಭಾರ. ಒಂದು ರಾತ್ರಿ ರಿಲೇ ಅಂಟಿಕೊಂಡು ಡೇರೆ 45 ದಾಟಿತು, ಸಿಂಧನೂರಿನ ಗಿರಾಕಿಯ ಟೇಬಲ್ ಉದ್ದಕ್ಕೂ ಸೀಳಿತು. ಅಡ್ವಾನ್ಸ್, ರೆಸಿನ್ ಎಲ್ಲ ಸೇರಿ ಹದಿನಾಲ್ಕು ಸಾವಿರ ಹೋಯಿತು. ರಿಲೇ ಒಡೆದು ನೋಡಿದರೆ ಎರಡು ಪಾಯಿಂಟು ಕರ್ರಗಾಗಿ ಬೆಸೆದುಕೊಂಡಿದ್ದವು, ಬ್ಲೇಡ್ ಹಾಕಿ ಎಬ್ಬಿಸಿದರೂ ಬಿಡಲಿಲ್ಲ.

ಈಗ ನಡೆಯುತ್ತಿರೋದು ಎಸ್‌ಟಿಸಿ-1000. ಅದೂ ಡಿಜಿಟಲ್ ಥರ್ಮೋಸ್ಟಾಟೇ, ಆರೇಳು ನೂರು ಕೊಟ್ಟ ನೆನಪು. ಹೀಟರ್ 1000 ವ್ಯಾಟಿಗೆ ಇಳಿಸಿದೆ. ಒಳಗಿನ ರಿಲೇಗೆ 10 ಆಂಪಿಯರ್ ಅಂತ ಇದ್ದರೂ ನಾನು ನಂಬಲಿಲ್ಲ, ಅದು ಬರೀ ಕಾಂಟ್ಯಾಕ್ಟರಿನ (ಹೆಚ್ಚು ಕರೆಂಟು ಹೊರುವ ದೊಡ್ಡ ರಿಲೇ) ಕಾಯಿಲಿಗೆ ಕರೆಂಟು ಕೊಡುತ್ತದೆ, ಹೀಟರಿನ ಕರೆಂಟು ಕಾಂಟ್ಯಾಕ್ಟರ್ ಮೂಲಕವೇ ಹೋಗುತ್ತದೆ. ಅದರ ಸೆಟ್ಟಿಂಗಿನಲ್ಲಿ ಎಫ್1 (ಬೇಕಾದ ಕಾವು) 26, ಎಫ್2 (ಎಷ್ಟು ಇಳಿದರೆ ಮತ್ತೆ ಆನ್ ಆಗಬೇಕು ಅನ್ನೋದು) ಒಂದು ಡಿಗ್ರಿ. ಎಫ್2 ಅನ್ನು 0.3ಕ್ಕೆ ಇಟ್ಟರೆ ಕಾಂಟ್ಯಾಕ್ಟರ್ ರಾತ್ರಿಯೆಲ್ಲ ಟಕ್ ಟಕ್ ಅಂತ ಮನೆಯವರ ನಿದ್ದೆ ಕೆಡಿಸುತ್ತದೆ. ಸೆನ್ಸರನ್ನೂ ಜ್ವರದ ಥರ್ಮಾಮೀಟರನ್ನೂ ಒಂದೇ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹೋಲಿಸಿ. ನನ್ನದು ಒಂದೂವರೆ ಡಿಗ್ರಿ ಹೆಚ್ಚು ತೋರಿಸುತ್ತಿತ್ತು, ಎಫ್4ರಲ್ಲಿ ಸರಿಪಡಿಸಿದೆ.

ಕಾವಲಿಗೆ 50 ಡಿಗ್ರಿಯ ಕೆಎಸ್‌ಡಿ ಬಿಲ್ಲೆ, ಗುಂಡಿ ಒತ್ತಿದರಷ್ಟೇ ಮರಳುವಂಥದ್ದು. ಅದನ್ನು ಹೀಟರಿನ ಲೈನಿಗೇ ಹಾಕಿ. ಕಾಯಿಲ್ ಲೈನಿಗೆ ಹಾಕಿದರೆ ದಂಡ: ಕಾಂಟ್ಯಾಕ್ಟರ್ ಪಾಯಿಂಟು ಬೆಸೆದರೆ ಕಾಯಿಲ್ ಬಿಟ್ಟರೂ ಹೀಟರಿಗೆ ಕರೆಂಟು ಹೋಗುತ್ತಲೇ ಇರುತ್ತದೆ.

ನಡುವೆ ಪಿಐಡಿ, ಎಸ್‌ಎಸ್‌ಆರ್ ಹುಚ್ಚೂ ಹತ್ತಿತ್ತು: ಮೊದಲನೆಯದು ಬಿಸಿಯನ್ನು ಲೆಕ್ಕ ಹಾಕಿ ಹದವಾಗಿ ಕೊಡುವ ಕಂಟ್ರೋಲರ್, ಎರಡನೆಯದು ಪಾಯಿಂಟುಗಳೇ ಇಲ್ಲದ ಎಲೆಕ್ಟ್ರಾನಿಕ್ ರಿಲೇ. ಅಳತೆ ನೂಲು ಹಿಡಿದಂಗೆ ನಿಂತಿತು, ಒಪ್ಪುತ್ತೇನೆ. ಆದರೆ ಎಸ್‌ಎಸ್‌ಆರ್ ಕೆಟ್ಟರೆ ಸಾಮಾನ್ಯವಾಗಿ ಆನ್ ಆಗಿಯೇ ಕೆಡುತ್ತದೆ, ನನಗೆ ಮತ್ತೆ ಅದೇ ಭಯ ಬೇಡ. ಅದಕ್ಕಿಂತ ಡೇರೆಯ ಮೂಲೆಗಳಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನುಗಳನ್ನಿಟ್ಟದ್ದೇ ಉಪಕಾರವಾಯಿತು. ಕರೆಂಟು ಹೋದರೂ ಗಂಟೆ ಹೊತ್ತು ಬಿಸಿ ಥಟ್ಟನೆ ಬೀಳಲ್ಲ. ಚಿಕ್ಕ ಫ್ಯಾನ್ ಸದಾ ತಿರುಗುತ್ತಿರಲಿ, ಹಲಗೆಯ ಕಡೆ ಮುಖ ಮಾಡಿ ಮಾತ್ರ ಬೇಡ, ಧೂಳು ಕೂರುತ್ತದೆ.

ಸೆನ್ಸರನ್ನು ಗಾಳಿಯಲ್ಲಿ ನೇತುಬಿಡಬೇಡಿ. ನಾನು ಅದನ್ನು ಯಾವುದರೊಳಗೆ ಹುದುಗಿಸಿದ್ದೇನೆ ಅನ್ನೋದು ನನ್ನ ಹೊಟ್ಟೆಪಾಡು, ಫೋಟೊದಲ್ಲೂ ಕಾಣಲ್ಲ. ಅದರ ವೈರನ್ನು ಪಿವಿಸಿ ಪೈಪಿನೊಳಗೆ ತೂರಿಸಿ, ನಮ್ಮ ಕಡೆ ಇಲಿಗೆ ಅದೇ ಮೊದಲ ತುತ್ತು.