ತಂಗಿ ಮದುವೆಗೆ ಹೂವೆಲ್ಲ ನಾವೇ ಕಟ್ಟಿದೆವು

ಹೂವಿನ ಅಲಂಕಾರಕ್ಕೆ 45,000 ರೂಪಾಯಿ ಕೇಳಿದರು. ಬಿಡಿಸಿ ಲೆಕ್ಕ ಕೇಳಿದರೆ, ಹೂವಿಗಿಂತ ಕೂಲಿಯೇ ಜಾಸ್ತಿ. ನಮ್ಮ ಮನೆಯಲ್ಲಿ ಅಮ್ಮ, ದೊಡ್ಡಮ್ಮ, ಅತ್ತೆ ಎಲ್ಲರಿಗೂ ಹೂ ಕಟ್ಟಲು ಚೆನ್ನಾಗಿ ಬರುತ್ತದೆ. ಬಿಡಿ ಹೂ ತಂದು ನಾವೇ ಕಟ್ಟೋಣ ಎಂದೆ. ಎಲ್ಲರೂ ಖುಷಿಯಿಂದ ಒಪ್ಪಿದರು.

ಮದುವೆ ಇದ್ದದ್ದು ನವೆಂಬರ್ ಕೊನೆಗೆ. ಚಳಿಯಲ್ಲಿ ಮಲ್ಲಿಗೆ ಮೊಗ್ಗು ಬಿಡುವುದೇ ಕಮ್ಮಿ, ಅದರ ಮೇಲೆ ಮುಹೂರ್ತದ ದಿನ ಬೇರೆ. ಬೆಲೆ ಕೇಳಿದರೆ ಭಯವಾಗುತ್ತದೆ. ಆದರೆ ಆ ಕಾಲಕ್ಕೆ ಕಾಕಡ ಧಾರಾಳವಾಗಿ ಸಿಗುತ್ತದೆ. ಮಲ್ಲಿಗೆಯಷ್ಟು ಘಮ ಇಲ್ಲ, ನಿಜ. ಅದಕ್ಕೆ ನಡುನಡುವೆ ಮರುಗ ಸೇರಿಸಿದೆವು. ಬಂದ ಹೆಂಗಸರಿಗೆ ಮುಡಿಯಲು ಕೊಟ್ಟಿದ್ದೆಲ್ಲ ಕಾಕಡ, ಕನಕಾಂಬರ, ಮರುಗ ಸೇರಿಸಿ ಕಟ್ಟಿದ ಹೂವೇ. ಮಲ್ಲಿಗೆ ತಂದದ್ದು ತಂಗಿಯ ಜಡೆಗೆ ಮಾತ್ರ.

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಬೆಳಕು ಹರಿಯುವ ಮೊದಲೇ ಹೋಗಬೇಕು. ಬಿಡಿ ಹೂ ಕೆಜಿ ಲೆಕ್ಕ, ಕಟ್ಟಿದ್ದು ಮಾರು ಲೆಕ್ಕ. ಮೇಲಿನ ಹೂ ನೋಡಿ ಸುಮ್ನೆ ತೂಕ ಹಾಕಿಸಬೇಡಿ. ಮೂಟೆಯ ಒಳಗೆ ಕೈ ಹಾಕಿ. ಒದ್ದೆಯಾಗಿದ್ದರೆ ನೀರಿಗೂ ದುಡ್ಡು ಕೊಟ್ಟ ಹಾಗೆ. ಬೆಚ್ಚಗಿದ್ದರೆ ಹೂ ಆಗಲೇ ಬಾಡಲು ಶುರುವಾಗಿದೆ ಎಂದು ಅರ್ಥ, ಮುಂದಿನ ಅಂಗಡಿಗೆ ಹೋಗಿ.

ಮಂಟಪಕ್ಕೆ ಬಾಳೆಕಂದು, ಮಾವಿನ ಸೊಪ್ಪು, ಚೆಂಡು ಹೂವಿನ ಸರ. ಚೆಂಡು ಹೂ ನೀರಿಲ್ಲದೆ ಒಂದು ದಿನ ಆರಾಮಾಗಿ ತಡೆಯುತ್ತದೆ, ಹಿಂದಿನ ಸಂಜೆಯೇ ಕಟ್ಟಿ ಮುಗಿಸಬಹುದು. ಉಳಿಸಬೇಕಾದ್ದು ಇಲ್ಲೇ. ಹಾರಕ್ಕೂ ಜಡೆಗೂ ಮಾತ್ರ ಕೈ ಬಿಗಿ ಹಿಡಿಯಬೇಡಿ.

ಹಾರಕ್ಕೆ ಸುಗಂಧರಾಜ ತೆಗೆದುಕೊಂಡೆವು. ಬರೀ ಗುಲಾಬಿ ಹಾರ ತುಂಬಾ ಭಾರ, ಗಂಟೆಗಟ್ಟಲೆ ಕುತ್ತಿಗೆಯಲ್ಲಿರಬೇಕಲ್ವಾ? ದಾರ ಎರಡೆಳೆ ಇರಲಿ. ತೊಟ್ಟಿನ ಹತ್ತಿರ ಸೂಜಿಯನ್ನು ಅಡ್ಡ ಚುಚ್ಚಿ, ಒಂದು ಮೊಗ್ಗಿನ ತಲೆ ಈ ಕಡೆ, ಇನ್ನೊಂದರದು ಆ ಕಡೆ ಬರುವಂತೆ ತಿರುಗಿಸುತ್ತಾ ಪೋಣಿಸಬೇಕು. ಆಗ ಹಾರ ದುಂಡಗೆ ತುಂಬಿಕೊಳ್ಳುತ್ತದೆ. ಗೇಣಿಗೊಂದರಂತೆ ಕೆಂಪು ಗುಲಾಬಿ ಇಟ್ಟೆವು, ಅಷ್ಟೇ ಸಾಕು.

ಮೊಗ್ಗಿನ ಜಡೆ ದೊಡ್ಡಮ್ಮನ ಕೈಕೆಲಸ. ಜಡೆಯ ಉದ್ದಕ್ಕೆ ರಟ್ಟು ಕತ್ತರಿಸಿ, ಬಟ್ಟೆ ಸುತ್ತಿ, ಅದರ ಮೇಲೆ ಸಾಲುಸಾಲಾಗಿ ಮೊಗ್ಗು ಹೊಲಿದರು. ಮೊಗ್ಗು ಸಂಜೆಗೆ ಅರಳಿಬಿಡುತ್ತದೆ. ಅರಳಿದರೆ ಸಾಲು ಕೆಡುತ್ತದೆ. ಹಾಗಾಗಿ ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆವು. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಒಳಗೆ ಬೆವರಿ ಮೊಗ್ಗು ಕಂದುತ್ತದೆ.

ರಿಸೆಪ್ಷನ್ನಿಗೆ ತಂಗಿ ಒಂದು ಬೊಕೆ ಕೇಳಿದಳು. ಸುಗಂಧರಾಜದ ನಾಲ್ಕು ಕಡ್ಡಿ, ಒಂದಷ್ಟು ಗುಲಾಬಿ ಸೇರಿಸಿ ಬಾಳೆನಾರಿನಲ್ಲಿ ಬಿಗಿದು ಕೊಟ್ಟೆ.

ಎಲ್ಲ ಸೇರಿ ಖರ್ಚು 16,000 ದಾಟಲಿಲ್ಲ. ನಿಮ್ಮ ಮನೆಯಲ್ಲಿ ಇಷ್ಟು ಜನ ಕಟ್ಟುವವರಿಲ್ಲದಿದ್ದರೆ, ಸರ ಮಾತ್ರ ನೀವು ಕಟ್ಟಿ. ಹಾರವನ್ನು ಮಾರುಕಟ್ಟೆಯಲ್ಲೇ ಅಳತೆ ಕೊಟ್ಟು ಕಟ್ಟಿಸಿ. ಹುಡುಗ ಹುಡುಗಿಯ ಎತ್ತರ ಹೇಳಿ, ಎರಡು ದಿನ ಮೊದಲೇ ಸ್ವಲ್ಪ ಮುಂಗಡ ಕೊಟ್ಟು ಬನ್ನಿ.