ನಾಸಿಕಕ್ಕೆ ಹೋಗುವವರಿಗೆ: ಬೆಟ್ಟ ಮೊದಲು, ವೈನ್ ಆಮೇಲೆ
ಸೊಲ್ಲಾಪುರ, ಅಕ್ಕಲಕೋಟದ ಕಡೆಯಿಂದ ನಾಸಿಕದ ದ್ರಾಕ್ಷಿ ತೋಟ ನೋಡಲು ಹೊರಟವರು ಬೆಳಿಗ್ಗೆಯೇ ಅಂಜನೇರಿ ಬೆಟ್ಟ ಹತ್ತಿ ಇಳಿದುಬಿಡಿ, ವೈನರಿಯನ್ನು ಸಂಜೆಗೆ ಇಟ್ಟುಕೊಳ್ಳಿ. ಬೆಟ್ಟ ತ್ರ್ಯಂಬಕೇಶ್ವರದ ದಾರಿಯಲ್ಲೇ ಸಿಗುತ್ತದೆ. ಮೆಟ್ಟಿಲು ಮುಗಿದ ಮೇಲೆ ಅಂಜನಿ ಮಾತೆಯ ಗುಡಿಯ ಸುತ್ತ ಬರೀ ಬಯಲು, ನೆರಳು ಕಮ್ಮಿ. ವೈನ್ ರುಚಿ ನೋಡಿ ಮಧ್ಯಾಹ್ನದ ಬಿಸಿಲಲ್ಲಿ ಹತ್ತಿದರೆ ಮೈಯಲ್ಲಿನ ನೀರು ಇಂಗಿ ತಲೆ ಸುತ್ತುತ್ತದೆ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ, ಮಂಗಗಳ ಕಾಟ ಜಾಸ್ತಿ. ಜನವರಿಯಿಂದ ಮಾರ್ಚ್ ಕೊಯ್ಲಿನ ಕಾಲ. ಗೊಂಚಲು ಜೋತ ಬಳ್ಳಿ ನೋಡಬೇಕೆಂದರೆ ಆಗಲೇ ಹೋಗಬೇಕು. ಆದರೆ ಜನವರಿ 26ಕ್ಕೆ ಈ ಲೆಕ್ಕ ನಡೆಯುವುದಿಲ್ಲ, ಅಂದು ಡ್ರೈ ಡೇ, ಅಂದರೆ ಮದ್ಯ ಮಾರದ ದಿನ. ಮಳೆಗಾಲದಲ್ಲಿ ಬೆಳಿಗ್ಗೆ ಹತ್ತಿದರೂ ಮಂಜು ಕವಿದು ಏನೂ ಕಾಣದೆ ಇರಬಹುದು. ಜೊತೆಗೆ 21 ತುಂಬದವರಿದ್ದರೆ ಅವರಿಗೆ ತೋಟ ಮಾತ್ರ, ವೈನ್ ಇಲ್ಲ.